ವೈನಿ ಪಾಕೀಟಿನ ಮೇಲಿನ ಹೆಂಗಸು

ಐನಾಪುರ
6 ಜುಲೈ 2023

ಪ್ರೀತಿಯ ಕಹಕಶಾ,

ಚಿಕ್ಕೋಡಿಯ ಆ ಮದುವೆಯಲ್ಲಿ ನಿನ್ನನ್ನು ನೋಡಿ ಎರಡು ತಿಂಗಳಾಯಿತು. ಕಾಲೇಜು ಬಿಟ್ಟ ಮೇಲೆ ಎಷ್ಟೋ ವರ್ಷ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವಳು ನಿಪ್ಪಾಣಿಯ ಕಹಕಶಾ ಎಂದು ನನಗೆ ತಿಳಿಯಲು ಹೋಳಿಗೆ ಬಡಿಸುವವರೆಗೆ ಹೊತ್ತು ಹಿಡಿಯಿತು.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ನನ್ನ ಫೋನಿಗೆ ಅಂಗಡಿಗಳವರ ಆರ್ಡರ್ ಬರುತ್ತವೆ. ಅದು ದಿನವಿಡೀ ಒಣದ್ರಾಕ್ಷಿ ತುಂಬುವ ಶೆಡ್ಡಿನಲ್ಲಿ, ಯಾರ ಕೈಯಲ್ಲಾದರೂ ಇರುತ್ತದೆ. ಕಾಗದವನ್ನು ಮಾತ್ರ ನಾನೊಬ್ಬಳೇ ಓದಬಹುದು.

ನೀನು ಅಂದು ಮದುವೆಯ ಫ್ಲೆಕ್ಸ್ ನೋಡಿ ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ವರನ ಸೋದರಮಾವ ಎಷ್ಟು ದೊಡ್ಡದಾಗಿ, ಹೆಣ್ಣಿನ ಅಪ್ಪ ಎಷ್ಟು ಸಣ್ಣದಾಗಿ ಅಚ್ಚಾಗಿದ್ದಾನೆ ಎಂಬುದರ ಮೇಲೆ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಹೇಳಿಬಿಟ್ಟೆ. ವಿಚಾರಿಸಿದರೆ ಖರೆಯಾಗಿತ್ತು. ಪುಣೆಯಲ್ಲಿ ಕಂಪನಿಗಳವರು ಇದನ್ನೇ ನಿನ್ನಿಂದ ಮಾಡಿಸುತ್ತಾರೆ, ಇದಕ್ಕೆ ಸಂಜ್ಞಾಶಾಸ್ತ್ರ ಅನ್ನುತ್ತಾರೆ, ಪಾಕೀಟು ಬೋರ್ಡು ಜಾಹೀರಾತು ಇವು ಬಾಯಿಬಿಡದೆ ಏನು ಹೇಳುತ್ತಿವೆ ಎಂದು ಓದುವುದೇ ನಿನ್ನ ಕೆಲಸ ಅಂದೆ.

ಹಾಗಿದ್ದರೆ ನಮ್ಮದೊಂದನ್ನು ಓದಿಕೊಡು. ನಮ್ಮ ಒಣದ್ರಾಕ್ಷಿಯ ಪಾಕೀಟು ಇದರ ಜೊತೆ ಕಳಿಸಿದ್ದೇನೆ. ಹೆಸರು 'ವೈನಿ'. ಮೇಲೆ ಒಬ್ಬ ಹೆಂಗಸಿನ ಚಿತ್ರವಿದೆ, ಹನ್ನೆರಡು ವರ್ಷ ಹಳೆಯದು. ಸಾಂಗಲಿಯ ದೊಡ್ಡ ಅಂಗಡಿಯವರು ಪಾಕೀಟು ಚೆಂದ ಮಾಡಿಕೊಡಿ ಅಂದಿದ್ದಾರೆ. ಆ ಚಿತ್ರ ಹೋಗಬೇಕು ಎಂದು ನನಗೆ ಅನ್ನಿಸುತ್ತದೆ. ನಾನು ಹೇಳಿದರೆ ನನ್ನ ಗಂಡ ಭರತ ಕಿವಿಗೆ ಹಾಕಿಕೊಳ್ಳುವುದಿಲ್ಲ. ಓದಿದವರು ಬರೆದುಕೊಟ್ಟರೆ ಕೇಳುತ್ತಾರೆ.

ನಿನ್ನ,
ಮನೀಷಾ

ಪುಣೆ
19 ಜುಲೈ 2023

ಮನೀಷಾ,

ನಿನ್ನ ಅಕ್ಷರ ಇನ್ನೂ ಕಾಲೇಜಿನ ಅಕ್ಷರವೇ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಮೇಲೆ ಹತ್ತಿರುತ್ತದೆ.

ಪಾಕೀಟು ಬಂದ ದಿನವೇ ಪೇಟೆಗೆ ಹೋಗಿ ಸಿಕ್ಕಷ್ಟು ಒಣದ್ರಾಕ್ಷಿ ಪಾಕೀಟು ತಂದು ಚಾಪೆಯ ಮೇಲೆ ಹರಡಿದೆ. ನಾವು ಮೊದಲು ಮಾಡುವುದು ಇದನ್ನೇ. ಹಳತಾಗುತ್ತಿರುವುದು ಯಾವುದು, ಈಗ ನಡೆಯುತ್ತಿರುವುದು ಯಾವುದು, ಇನ್ನೂ ಬರಬೇಕಾದದ್ದು ಯಾವುದು ಎಂದು ಗುಂಪು ಮಾಡುತ್ತೇವೆ. ಎಲ್ಲದರ ಮೇಲೂ ದ್ರಾಕ್ಷಿಗೊಂಚಲು, ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ. ಕೆಲವಕ್ಕೆ ಒಂದು ಕಿಟಕಿ, ಒಳಗಿನ ಕಾಳು ಕಾಣಲೆಂದು. ನಿಮ್ಮದರ ಮೇಲೆ ಮಾತ್ರ ಮನುಷ್ಯರು.

ನಿನ್ನ ಹೆಂಗಸನ್ನು ಬಹಳ ಹೊತ್ತು ನೋಡಿದೆ. ತಲೆಯ ಮೇಲೆ ಸೆರಗು, ಹಣೆಯಲ್ಲಿ ಅಗಲ ಕುಂಕುಮ, ಎರಡೂ ಕೈತುಂಬ ಹಸಿರು ಬಳೆ. ಜಾಹೀರಾತಿನ ಹೆಂಗಸರೆಲ್ಲ ಕೊಳ್ಳುವವರ ಕಣ್ಣಿಗೆ ಕಣ್ಣು ಕೊಟ್ಟು ನಗುತ್ತಾರೆ. ಇವಳ ನೋಟ ಕೈಯಲ್ಲಿರುವ ತಟ್ಟೆಯ ಮೇಲಿದೆ. ಇವಳು ಮಾರುತ್ತಿಲ್ಲ, ಬಡಿಸುತ್ತಿದ್ದಾಳೆ. ಅದರ ಮೇಲೆ 'ವೈನಿ' ಎಂಬ ಹೆಸರು. ಅಣ್ಣನ ಹೆಂಡತಿ ಅಂದರೆ ತಾಯಿಯ ಮುಂದೆ ಹೇಳಲಾಗದ್ದನ್ನೂ ಮೈದುನ ಹೇಳಿಕೊಳ್ಳುವ ಜಾಗ. ಒಂದು ಮಾತಿನಲ್ಲಿ ಇಡೀ ಮನೆ ಬಂದುಬಿಟ್ಟಿದೆ. ಇದನ್ನು ಬರೆದ ಪೇಂಟರ್ ಯಾರು? ನಿಮ್ಮ ಮನೆಯಲ್ಲಿ ನಿಜವಾದ ವೈನಿ ಇದ್ದಾರೆ ಎಂದು ಮದುವೆಯಲ್ಲಿ ಹೇಳಿದ್ದೆಯಲ್ಲ, ಅವರೇ ಏನು?

ಈ ಕೆಲಸ ನಾನು ಬಿಡುವುದಿಲ್ಲ, ಮನೀಷಾ. ಇಲ್ಲಿ ನಾನು ಬರೆದ ವರದಿಗಳ ಮೇಲೆ ವಿಕ್ರಾಂತ ಎಂಬುವನ ಹೆಸರು ಬೀಳುತ್ತದೆ. ಹೊರದೇಶದಲ್ಲಿ ಓದಿದವನು, ಗಿರಾಕಿಗಳ ಮುಂದೆ ಚೆನ್ನಾಗಿ ನಿಲ್ಲುತ್ತಾನೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ನನ್ನ ಮಾತುಗಳನ್ನು ಅವನ ಬಾಯಿಂದ ಕೇಳುತ್ತೇನೆ. ಆಗ ನನಗೆ ಏನಾಗುತ್ತದೆಂದು ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ನಿಮ್ಮ ವರದಿಯ ಮೇಲೆ ನನ್ನ ಹೆಸರು ಇರುತ್ತದೆ.

ಗಣೇಶನ ಹಬ್ಬದ ಮುಂಚೆ ರಜೆ ಹಾಕಿ ಬರುತ್ತೇನೆ. ನಿಪ್ಪಾಣಿಯಿಂದ ಹಿಡಿದು ಕಾಗವಾಡದವರೆಗೆ ಅಂಗಡಿಗಳನ್ನು ನೋಡಬೇಕು. ಕೊನೆಗೆ ನಿನ್ನ ಮನೆಯಲ್ಲಿ ಎರಡು ದಿನ. ನಿನ್ನ ಕೈಯ ಜೋಳದ ರೊಟ್ಟಿ ತಿನ್ನದೆ ಹೋಗುವುದಿಲ್ಲ. ಅಲ್ಲಿಯವರೆಗೆ ಚಿತ್ರ ಮುಟ್ಟಬೇಡಿ.

ಕಹಕಶಾ

ಐನಾಪುರ
2 ಆಗಸ್ಟ್ 2023

ಕಹಕಶಾ,

ಚಿತ್ರ ತೆಗೆಯಲು ಕಾರಣ ಕೊಡು ಅಂದರೆ ನೀನು ಅದರ ಪೂಜೆಗೆ ಕೂತಿದ್ದೀಯೆ. ಇದೇ ಮಾತನ್ನು ಈ ಮನೆಯಲ್ಲಿ ಮದುವೆಯಾದ ದಿನದಿಂದ ಕೇಳುತ್ತ ಬಂದಿದ್ದೇನೆ. ನೀನಾದರೂ ಬೇರೆ ಏನಾದರೂ ಕಾಣುತ್ತೀ ಅಂದುಕೊಂಡಿದ್ದೆ.

ಚಿತ್ರದಲ್ಲಿರುವುದು ಯಾರೂ ಅಲ್ಲ. ಮಿರಜಿನ ಪೇಂಟರನೊಬ್ಬ ತನ್ನ ಮನಸ್ಸಿಗೆ ಬಂದಂತೆ ಬರೆದದ್ದು. ಅದನ್ನು ದಿನಾ ಸಾವಿರ ಸಲ ನೋಡುವವಳು ನಾನು. ಯಾವ ಅಂಗಡಿಗೆ ಹೋದರೂ ಗಾಜಿನ ಹಿಂದೆ ಅವಳೇ ನಿಂತಿರುತ್ತಾಳೆ. ಆರ್ಡರ್ ತೆಗೆದುಕೊಳ್ಳುವವಳು ನಾನು, ಸೊಲ್ಲಾಪುರದ ವ್ಯಾಪಾರಿಗಳ ಜೊತೆ ಜಗಳಾಡುವವಳು ನಾನು, ಮಾಲು ತಡವಾದರೆ ಬೈಸಿಕೊಳ್ಳುವವಳು ನಾನು. ನಮಸ್ಕಾರ ಅವಳಿಗೆ.

ಇನ್ನೊಂದು ಮಾತು. ನೀನು ಮನೆಗೆ ಬರುವುದು ಬೇಡ. ನಮ್ಮ ಅತ್ತೆಯವರದು ಹಳೆಯ ಪದ್ಧತಿ. ನಿನಗೂ ಸರಿಹೋಗುವುದಿಲ್ಲ, ಅವರಿಗೂ. ತಪ್ಪು ತಿಳಿಯಬೇಡ. ಪೇಟೆಯಲ್ಲಿ ನೋಡುವುದನ್ನು ನೋಡಿಕೊಂಡು ಬರೆದು ಕಳಿಸು, ಸಾಕು.

ಮನೀಷಾ

ನಿಪ್ಪಾಣಿ
17 ಸೆಪ್ಟೆಂಬರ್ 2023

ಮನೀಷಾ ಅವರಿಗೆ,

ಕೆಲಸ ಮುಗಿಯಿತು. ನನ್ನ ಚಿಕ್ಕಮ್ಮ ನೂರಜಾನಬಿಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ವರದಿಯನ್ನು ನಿಮ್ಮ ಯಜಮಾನರ ಹೆಸರಿಗೆ ಬೇರೆಯಾಗಿ ಕಳಿಸಿದ್ದೇನೆ.

ಮುಖ್ಯವಾದದ್ದು ಅಥಣಿಯಲ್ಲಿ ಸಿಕ್ಕಿತು. ಮುರಗೆಪ್ಪ ಎಂಬವರ ಕಿರಾಣಿ ಅಂಗಡಿಯಲ್ಲಿ ಒಂದು ಇಡೀ ದಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಹೆಂಗಸರು ನಿಮ್ಮ ಪಾಕೀಟನ್ನು ಹೆಸರು ಹಿಡಿದು ಕೇಳುವುದಕ್ಕಿಂತ ಕೈ ಮುಂದೆ ಮಾಡಿ ಬಳೆ ತೋರಿಸಿ ಕೇಳುವುದೇ ಹೆಚ್ಚು. ಅವರು ತಿನ್ನಲು ಒಯ್ಯುವುದು ತೂಗಿ ಕೊಡುವ ಬಿಡಿ ಒಣದ್ರಾಕ್ಷಿ, ಅಗ್ಗದ್ದು. ನಿಮ್ಮ ಪಾಕೀಟು ಹೋಗುವುದು ಸೀಮಂತಕ್ಕೆ, ಬಾಣಂತಿಗೆ, ತವರಿಗೆ ಬಂದು ತಿರುಗಿ ಹೊರಟ ಹೆಣ್ಣುಮಗಳ ಉಡಿಗೆ. ರಾಯಬಾಗದಲ್ಲಿ ಒಬ್ಬ ಹೆಂಗಸು ನನಗೆ ಬಿಡಿಸಿ ಹೇಳಿದರು:

"ಈಕಿ ಮುತ್ತೈದಿ ಅದಾಳ್ರಿ. ಉಡಿಯಾಗ ಅಕ್ಕಿ, ಕೊಬ್ಬರಿ ಇಟ್ಟು ಮ್ಯಾಲೆ ಈಕಿನ್ನ ಇಟ್ರ ತುಂಬಿಧಂಗ ಆಗತೈತಿ."

ಹಾಗಾಗಿ ವರದಿಯಲ್ಲಿ ಹೀಗೆ ಬರೆದಿದ್ದೇನೆ: 'ಈ ಪಾಕೀಟು ಮಾರುತ್ತಿರುವುದು ಒಣದ್ರಾಕ್ಷಿಯನ್ನಲ್ಲ, ಮುತ್ತೈದೆತನವನ್ನು. ಇದರ ಬೆಲೆ ಇರುವುದು ಆ ಹೆಂಗಸಿನ ಕುಂಕುಮ ಮತ್ತು ಹಸಿರು ಬಳೆಗಳಲ್ಲಿ. ಆ ಗುರುತುಗಳು ನಂಬಿಕೆಗೆ ಅರ್ಹವಾಗಿ ಇರುವವರೆಗೆ ಈ ಹೆಸರು ಬಾಳುತ್ತದೆ.' ಚಿತ್ರವನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಿಮಗೆ ಇದು ಹಿಡಿಸಲಿಕ್ಕಿಲ್ಲ. ಕಂಡದ್ದನ್ನು ಬರೆದಿದ್ದೇನೆ.

ಕಾಗವಾಡದವರೆಗೆ ಬಂದಿದ್ದೆ. ಅಲ್ಲಿಂದ ನಿಮ್ಮೂರು ಹತ್ತಿರವೇ. ಚಿಕ್ಕಮ್ಮ ಗೆಳತಿಗೆಂದು ಕಟ್ಟಿಕೊಟ್ಟಿದ್ದ ಖರ್ಜೂರವನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಒಂದು ಮುದುಕಿಗೆ ಕೊಟ್ಟು ತಿರುಗಿ ಬಂದೆ. ಮನೆಗೆ ಬಂದು, ಗೆಳತಿ ಊರಲ್ಲಿರಲಿಲ್ಲ ಎಂದು ಚಿಕ್ಕಮ್ಮನಿಗೆ ಹೇಳಿದೆ.

ಕಹಕಶಾ

ಐನಾಪುರ
5 ಅಕ್ಟೋಬರ್ 2023

ಪ್ರೀತಿಯ ಕಹಕಶಾ,

ಇದೇನು 'ಅವರಿಗೆ', 'ನಿಮ್ಮ' ಎಂದೆಲ್ಲ ಬರೆದಿದ್ದೀಯೆ. ಪುಣೆಯ ಗಾಳಿ ಎಂದು ಬಿಟ್ಟುಬಿಟ್ಟೆ. ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ. ಚಿತ್ರ ಹೋಯಿತು. ಮೂರು ವರ್ಷದಿಂದ ನನ್ನ ಬಾಯಿಗೆ ಬಂದು ನಿಂತಿದ್ದ ಮಾತನ್ನು ನಿನ್ನ ವರದಿ ಹೇಳಿಬಿಟ್ಟಿತು.

ಈಗ ನಿನಗೆ ಮುಚ್ಚಿಡುವುದು ಏನಿದೆ? ಚಿತ್ರದಲ್ಲಿರುವುದು ಸೀಮಕ್ಕ, ನನ್ನ ನೆಗೆಣ್ಣಿ. ಅವಳ ಗಂಡ, ನನ್ನ ಭಾವ ವಿಶಾಲ ಮೂರು ವರ್ಷದ ಹಿಂದೆ ಎದೆನೋವಿನಿಂದ ಹೋದರು. ಅವಳು ಬಳೆ ತೆಗೆದು, ಹಣೆ ಖಾಲಿ ಬಿಟ್ಟುಕೊಂಡು ಮನೆಯಲ್ಲಿಯೇ ಇದ್ದಾಳೆ. ಪಾಕೀಟಿನ ಮೇಲೆ ಮಾತ್ರ ಮೊದಲಿನಂತೆಯೇ ಇದ್ದಳು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ನಾನು ಮದುವೆಯಾಗಿ ಬಂದ ಮಾರನೆಯ ದಿನ ಭರತ ನನ್ನನ್ನು ಶೆಡ್ಡಿಗೆ ಕರೆದೊಯ್ದು ಪಾಕೀಟು ಕೈಗೆ ಕೊಟ್ಟು, "ನೋಡ, ನಮ್ಮ ವೈನಿ" ಅಂದ. ನನ್ನ ಮುಖ ನೋಡುವಾಗ ಅವನ ಕಣ್ಣಲ್ಲಿ ಆ ಅಭಿಮಾನ ನಾನು ಯಾವತ್ತೂ ಕಾಣಲಿಲ್ಲ. ಉಪ್ಪು ಹೆಚ್ಚಾದರೆ ಅವಳಿಗೆ ಹೇಳುತ್ತಾನೆ. ಜ್ವರ ಬಂದರೆ ಅವಳಿಗೆ ಹೇಳುತ್ತಾನೆ. ಭಾವ ಹೋದ ಮೇಲೆ ದಿನಾ ಸಂಜೆ ಅವಳ ಜೊತೆ ಕಟ್ಟೆಯ ಮೇಲೆ ಕೂತು ಯಾವ ತೋಟದ ದ್ರಾಕ್ಷಿ ಯಾವಾಗ ಕೊಯ್ಯಬೇಕೆಂದು ಮಾತಾಡುತ್ತಾನೆ. ಅವರ ನಡುವೆ ತಪ್ಪು ಏನೂ ಇಲ್ಲ, ಅದು ನನಗೆ ಗೊತ್ತು. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಎದ್ದು ನಿಂತು ಜಗಳಾಡಬಹುದಿತ್ತು. ಒಳ್ಳೆಯ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವವಳ ಕಷ್ಟ ನಿನಗೆ ತಿಳಿಯದು.

ವರದಿ ಬಂದಾಗ ಭರತ ಖುಷಿಯಿಂದ, ನಿನ್ನ ಗೆಳತಿಯೇ ಚಿತ್ರ ಇರಲಿ ಅಂದಾಳಲ್ಲ, ಎಲ್ಲರ ಮುಂದೆ ಓದು ಅಂದ. ಅತ್ತೆ ಅಕ್ಕವ್ವ ಪಡಸಾಲೆಯಲ್ಲಿದ್ದರು. ಸೀಮಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಓದಿದೆ. ಕುಂಕುಮ, ಹಸಿರು ಬಳೆ, ಮುತ್ತೈದೆತನ, ನಂಬಿಕೆಗೆ ಅರ್ಹವಾಗಿ ಇರುವವರೆಗೆ. ನಾನು ಬೇರೆ ಏನೂ ಹೇಳಬೇಕಾಗಲಿಲ್ಲ.

ಸೀಮಕ್ಕ, "ಆ ಕಡೀ ಸಾಲ ಇನ್ನೊಮ್ಮಿ ಓದ" ಅಂದಳು. ಓದಿದೆ.

"ಖರೇ ಐತಿ," ಅಂದಳು. "ತಗೀರಿ ಅದನ್ನ."

ಭರತ ತಲೆ ಎತ್ತಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ಕಳೆದ ವಾರ ಮಿರಜಿಗೆ ಹೋಗಿ ನನ್ನ ಫೋಟೋ ತೆಗೆಸಿಕೊಂಡು ಬಂದೆವು. ಹಸಿರು ಸೀರೆ, ನತ್ತು, ಕೈತುಂಬ ಬಳೆ. ದೀಪಾವಳಿಗೆ ಹೊಸ ಪಾಕೀಟು. ಮೊದಲನೆಯದನ್ನು ನಿನಗೇ ಕಳಿಸುತ್ತೇನೆ.

ನಿನ್ನ,
ಮನೀಷಾ

ಪುಣೆ
12 ಅಕ್ಟೋಬರ್ 2023

ಮನೀಷಾ,

ನನಗೆ ಪಾಕೀಟು ಕಳಿಸಬೇಡ.

ಚಿತ್ರದಲ್ಲಿರುವುದು ನಿಮ್ಮ ವೈನಿಯೇ ಏನು ಎಂದು ನಾನು ನೇರವಾಗಿ ಕೇಳಿದ್ದೆ. ಯಾರೂ ಅಲ್ಲ ಎಂದು ನೀನು ಬರೆದೆ. ಅವರ ಗಂಡ ಇಲ್ಲವೆಂದೂ ಹೇಳಲಿಲ್ಲ. ಬಣ್ಣದಲ್ಲಿ ಬರೆದ ಚಿತ್ರದ ಬಗ್ಗೆ ಎಂದುಕೊಂಡು ನಾನು ಬರೆದ ಸಾಲನ್ನು ನೀನು ಬದುಕಿರುವ ಹೆಂಗಸಿನ ಎದುರು ಓದಿದೆ. ಅವರು ಇನ್ನೊಮ್ಮೆ ಓದು ಅಂದಾಗಲೂ ಓದಿದೆ. ಅವರು ಯಾಕೆ ಹಾಗೆ ಕೇಳಿದರೆಂದು ನಿನಗೆ ಅನ್ನಿಸಲೇ ಇಲ್ಲವೇ?

ನಾನೂ ತಪ್ಪಿಸಿಕೊಳ್ಳುವುದಿಲ್ಲ. ಇಷ್ಟೆಲ್ಲ ಊರು ತಿರುಗಿದವಳು ಆ ಚಿತ್ರಕ್ಕೆ ಕೂತವಳು ಯಾರು ಎಂದು ಮುರಗೆಪ್ಪನವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೊಳ್ಳುವವರು ಏನನ್ನು ಓದುತ್ತಾರೆ ಎಂಬುದೊಂದೇ ನನಗೆ ಬೇಕಿತ್ತು.

ನೀನು ಮನೆಗೆ ಬರಬೇಡ ಅಂದಾಗ ನಾನು ಏನು ತಿಳಿದುಕೊಂಡೆ ಗೊತ್ತೇ? ನನ್ನ ಹೆಸರಿಗಾಗಿ ಅಂದುಕೊಂಡೆ. ಪುಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ನನ್ನ ಹೆಸರು ಕೇಳಿ ಬಾಗಿಲಲ್ಲಿಯೇ ನಿಲ್ಲಿಸಿ ಮಾತಾಡುವವರು ಹೇಗಿರುತ್ತಾರೋ, ನೀನೂ ಹಾಗೆ ಆದೆ ಎಂದು ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ. ನಿನಗೆ ಅದು ತಟ್ಟಲೇ ಇಲ್ಲ. ನಿನ್ನ ಕಣ್ಣಿಗೆ ಸೀಮಾ ಅವರನ್ನು ಬಿಟ್ಟು ಬೇರೆ ಯಾರೂ ಕಾಣುತ್ತಿರಲಿಲ್ಲ.

ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಭರತ ಅವರಿಗೆ ಬರೆದಿದ್ದೇನೆ. ಇದನ್ನು ನಮ್ಮ ಆಫೀಸಿನಲ್ಲಿ ನನ್ನ ಹೆಸರಲ್ಲಿ ಮಂಡಿಸುವವಳಿದ್ದೆ, ಅದನ್ನೂ ಬಿಟ್ಟೆ. ಮಂಡಿಸಲು ನಿಗದಿಯಾಗಿದ್ದ ದಿನ ವಿಕ್ರಾಂತನಿಗೆ ಹೋಯಿತು.

ನಾನು ಐನಾಪುರಕ್ಕೆ ಬರುತ್ತೇನೆ. ನೀನು ಕರೆದರೂ, ಕರೆಯದಿದ್ದರೂ.

ಕಹಕಶಾ

ಐನಾಪುರ
28 ನವೆಂಬರ್ 2023

ಕಹಕಶಾ,

ಆರ್ಡರಿಗೆಂದು ನಾನು ಅಥಣಿಗೆ ಹೋದ ದಿನವನ್ನೇ ಹುಡುಕಿ ಬಂದೆಯೇನು? ತಿರುಗಿ ಬಂದಾಗ ಅಡುಗೆಮನೆಯಲ್ಲಿ ಎರಡು ಚಹಾದ ಕಪ್ಪುಗಳಿದ್ದವು. ನಿನ್ನ ಗೆಳತಿ ಬಂದು ಹೋದಳು, ಭಾಳ ಒಳ್ಳೆಯ ಹುಡುಗಿ ಎಂದು ಅತ್ತೆ ಅಂದರು. ಮಧ್ಯಾಹ್ನವಿಡೀ ಸೀಮಕ್ಕನ ಕೋಣೆಯಲ್ಲಿ ಕೂತಿದ್ದೆಯಂತೆ. ನನಗಾಗಿ ಒಂದು ಗಂಟೆ ಕಾಯಲು ಆಗಲಿಲ್ಲ.

ಆರು ವರ್ಷ ಹಾಸ್ಟೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವಳು ನಿನಗೆ ಒಂದು ಮಧ್ಯಾಹ್ನದ ಪರಿಚಯ. ನನ್ನ ಗಂಡ ಅವಳ ಕಡೆ, ಅತ್ತೆ ಅವಳ ಕಡೆ, ಈಗ ನೀನೂ. ಏನು ಮಾತಾಡಿದಿರಿ ಎಂದು ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ.

ನಿನಗೆ ಒಂದು ಸುದ್ದಿ ಹೇಳುತ್ತೇನೆ. ಚಿತ್ರ ತೆಗೆದರೆ ಹೆಸರು ಹೋಗುತ್ತದೆ ಅಂದಿದ್ದೆಯಲ್ಲ. ಹೋಗಲಿಲ್ಲ. ದೀಪಾವಳಿಯಲ್ಲಿ ಹೋದ ವರ್ಷದಷ್ಟೇ ಮಾಲು ಹೋಯಿತು. ಹೆಂಗಸರು ನನ್ನ ಫೋಟೋ ಇರುವ ಪಾಕೀಟನ್ನೇ ಉಡಿಗೆ ಒಯ್ದರು. ನಿನ್ನ ಸಂಜ್ಞಾಶಾಸ್ತ್ರ ನಮ್ಮ ಕಡೆ ನಡೆಯಲಿಲ್ಲ.

ಆದರೆ ಮುರಗೆಪ್ಪನವರ ಅಂಗಡಿಗೆ ಹೋದಾಗ ಅವರ ಮೊಮ್ಮಗಳು ನನ್ನನ್ನು ನೋಡಿ, "ಅಜ್ಜಾ, ಹೊಸಾ ವೈನಿ ಬಂದಾಳ" ಅಂದಳು. ಅಂದಿನಿಂದ ಎಲ್ಲ ಅಂಗಡಿಯವರೂ ನನ್ನನ್ನು ವೈನಿ ಅನ್ನುತ್ತಾರೆ. ಮನೀಷಾ ಎಂದು ಕರೆಯುವವರು ಯಾರೂ ಇಲ್ಲ. ಅವಳ ಜಾಗಕ್ಕೆ ಹೋಗಿ ಕೂತೆ, ಕೂತ ಮೇಲೆ ಅವಳ ಹೆಸರಿನಲ್ಲಿಯೇ ಕರೆಸಿಕೊಳ್ಳುತ್ತಿದ್ದೇನೆ. ಸೀಮಕ್ಕ ಪಾಕೀಟು ತುಂಬಲು ಶೆಡ್ಡಿಗೆ ಬರುವುದನ್ನು ಬಿಟ್ಟಿದ್ದಾಳೆ. ಭರತ ಸಂಜೆ ಕಟ್ಟೆಯ ಮೇಲೆ ಒಬ್ಬನೇ ಕೂರುತ್ತಾನೆ. ನಾನು ಹೋಗಿ ಪಕ್ಕದಲ್ಲಿ ಕೂತರೆ ಎದ್ದು ಹೋಗುವುದಿಲ್ಲ, ಮಾತೂ ಆಡುವುದಿಲ್ಲ.

ಅವಳು ನನ್ನ ಬಗ್ಗೆ ಏನಂದಳು? ಅಷ್ಟು ಹೇಳು.

ಮನೀಷಾ

ಪುಣೆ
9 ಡಿಸೆಂಬರ್ 2023

ಮನೀಷಾ,

ನಿನ್ನ ಬಗ್ಗೆ ಏನೂ ಅನ್ನಲಿಲ್ಲ. ಒಂದು ಮಾತೂ ಇಲ್ಲ.

ನಡೆದದ್ದನ್ನು ಹೇಳುತ್ತೇನೆ. ಅಂಗಳದಲ್ಲಿ ನಿಂತು ನನ್ನ ಹೆಸರು ಹೇಳಿದೆ. ಹಳೆಯ ಪದ್ಧತಿಯ ನಿನ್ನ ಅತ್ತೆ ಕೈ ಹಿಡಿದು ಒಳಗೆ ಕರೆದು, ಚಾಪೆಯ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಬೈದರು. ನನ್ನ ತಟ್ಟೆಗೆ ತಾವೇ ಬೆಣ್ಣೆ ಹಾಕಿದರು. ಆ ಬಸ್ ಸ್ಟ್ಯಾಂಡಿನ ಅಳು ಎಷ್ಟು ವ್ಯರ್ಥವಾಗಿತ್ತೆಂದು ಆಗ ತಿಳಿಯಿತು.

ಸೀಮಾ ಅವರ ಕೋಣೆಯಲ್ಲಿ ನಾನು ಕೈಮುಗಿದು, ಆ ಸಾಲು ಬರೆದವಳು ನಾನೇ, ನಿಮ್ಮ ವಿಷಯ ತಿಳಿಯದೆ ಬರೆದೆ ಅಂದೆ. ಅವರು ಹೇಳಿದ್ದು ಇಷ್ಟು: ಆ ಚಿತ್ರ ಬರೆಸಿದ್ದು ಭರತ ಅಲ್ಲ, ವಿಶಾಲ. ಮಿರಜಿನ ಪೇಂಟರನನ್ನು ಕರೆಸಿ, ತಾವೇ ಎದುರಿಗೆ ಕೂತು, ಬಳೆಯ ಹಸಿರು ಹೊಂದಲಿಲ್ಲವೆಂದು ಮತ್ತೆ ಮತ್ತೆ ಬಣ್ಣ ಬದಲು ಮಾಡಿಸಿದರಂತೆ. ಚಿತ್ರದಲ್ಲಿ ಸೀಮಾ ಅವರು ತಟ್ಟೆ ನೋಡುತ್ತಿರುವುದೂ ಅದಕ್ಕೇ. ಗಂಡ ಎದುರಿಗೆ ಕೂತು ನಗಿಸುತ್ತಿದ್ದರೆ ಇನ್ನೆಲ್ಲಿ ನೋಡಬೇಕು? ಬಡಿಸುವ ಹೆಂಗಸು ಎಂದು ನಾನು ಓದಿದ ನೋಟ ಅದು.

ಆಮೇಲೆ ಅಂದರು: "ನಮ್ಮ ತವರೂರು ಕೊಕಟನೂರ. ಅಲ್ಲೆ ಯಲ್ಲಮ್ಮಗ ಒಂದ ಹುಣ್ಣಿವಿಗೆ ಗಂಡ ಸತ್ತ ಕೈಯಾಗಿನ ಬಳಿ ಹೋಗತಾವ, ಇನ್ನೊಂದ ಹುಣ್ಣಿವಿಗೆ ಗಂಡ ಎದ್ದ ಬಳಿ ತಿರಗಿ ಬರತಾವ. ದೇವರಿಗೆ ನಡೀತೈತಿ. ನನಗ ಬರೂದಿಲ್ಲಂತ ಗೊತ್ತಿತ್ತವಾ. ಆ ಪಾಕೀಟಿನ ಮ್ಯಾಲೆ ಆದ್ರೂ ನನ್ನ ಕೈಯಾಗ ಬಳಿ ಇದ್ದೂ. ಅವನ್ನ ಯಾರೂ ಒಡದಿದ್ದಿಲ್ಲ."

ಮನೀಷಾ, ಪಾಕೀಟು ತುಂಬುವಾಗ ಅವರು ನೋಡುತ್ತಿದ್ದದ್ದು ಇದನ್ನು. ನಿನಗೆ ಅದು ಅವರ ಗೆಲುವಿನಂತೆ ಕಂಡಿತು.

ಮಾರಾಟದ ವಿಷಯದಲ್ಲಿ ನಾನು ತಪ್ಪಿದೆ, ಒಪ್ಪುತ್ತೇನೆ. ಉಡಿಗೆ ಬೇಕಾದದ್ದು ಒಬ್ಬ ಮುತ್ತೈದೆಯ ಚಿತ್ರ, ಯಾರದಾದರೂ ನಡೆಯುತ್ತದೆ. ಆ ಚಿತ್ರ ಕಳೆದುಕೊಂಡದ್ದರಿಂದ ಪೇಟೆಗೆ ಏನೂ ಆಗಲಿಲ್ಲ. ಆದದ್ದು ಅವರೊಬ್ಬರಿಗೆ.

ನಿನ್ನ ಪರವಾಗಿ ನಾನು ಅವರ ಹತ್ತಿರ ಏನೂ ಹೇಳಲಿಲ್ಲ. ಹೇಳುವುದೂ ಇಲ್ಲ. ಅದು ನಿನ್ನ ಕೆಲಸ. ಅದು ಆಗುವವರೆಗೆ ನನಗೆ ಬರೆಯಬೇಡ.

ಕಹಕಶಾ

ಐನಾಪುರ
3 ಮಾರ್ಚ್ 2024

ಕಹಕಶಾ,

ಬರೆಯಬೇಡ ಅಂದಿದ್ದೆ, ಬರೆಯಲಿಲ್ಲ. ಈಗ ಬರೆಯಬಹುದು ಅಂದುಕೊಂಡಿದ್ದೇನೆ.

ನಿನ್ನ ಕಾಗದ ಬಂದ ಮೇಲೆ ಎಷ್ಟೋ ಸಲ ಅವಳ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಹೋಗಲಾಗಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಸೀಮಕ್ಕ ಕೊಕಟನೂರಿಗೆ ಹೋದಳು. ಅವಳ ಅಣ್ಣ ಅಪ್ಪಾಸಾಬನ ತೋಟದಲ್ಲಿ ಈ ವರ್ಷ ದ್ರಾಕ್ಷಿ ಒಣಗಿಸುವ ಶೆಡ್ ಹಾಕಿದ್ದಾರೆ, ಅದನ್ನು ನೋಡಿಕೊಳ್ಳಲು. ಜಗಳವಿಲ್ಲ, ಮಾತಿಲ್ಲ. ಅತ್ತೆಯ ಕಾಲು ಮುಟ್ಟಿ, ಭರತನಿಗೆ ಅವ್ವನ ಮಂಡಿನೋವಿನ ಔಷಧಿ ತಪ್ಪಿಸಬೇಡ ಎಂದು ಹೇಳಿ, ನನಗೆ ತಲೆ ಅಲ್ಲಾಡಿಸಿ ಹೋದಳು. ಅವಳು ಈ ಮನೆಯಲ್ಲಿ ಇರಬಾರದೆಂದು ನಾನು ಎಷ್ಟು ವರ್ಷ ಬಯಸಿದ್ದೆ. ಆ ಸಂಜೆ ಅವಳ ಕೋಣೆಯ ಬಾಗಿಲು ಹಾಕಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಭರತ ಒಂದು ದಿನ ಕೇಳಿದ: "ನಿನಗ ಆ ಚಿತ್ರ ಬ್ಯಾಡಾಗಿತ್ತಂದ್ರ ನನಗ ಹೇಳಬೇಕಿತ್ತು. ನಾ ಇಲ್ಲ ಅಂತಿದ್ನೇನ?"

"ಅಂತಿದ್ದಿ," ಅಂದೆ.

ಅವನು, "ಹೌದು, ಅಂತಿದ್ದೆ," ಅಂದ. ಮದುವೆಯಾದ ಮೇಲೆ ನಾವಿಬ್ಬರೂ ಖರೆ ಮಾತಾಡಿದ್ದು ಅದೇ ಮೊದಲು ಅನ್ನಿಸಿತು. ಆಮೇಲೆ ನಿನ್ನ ಕಾಗದವನ್ನು ಅವನಿಗೆ ಓದಲು ಕೊಟ್ಟೆ. ಅಣ್ಣ ಬಣ್ಣ ಬದಲು ಮಾಡಿಸಿದ ಜಾಗಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿ ಹೊರಗೆ ಹೋದ.

ಹೋದ ವಾರ ಯಾರಿಗೂ ಹೇಳದೆ ಅಥಣಿಗೆ ಹೋಗಿ, ಅಲ್ಲಿಂದ ಕೊಕಟನೂರಿನ ಬಸ್ ಹತ್ತಿದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಶೆಡ್ಡಿಗೆ ಹೋದರೆ ಸೀಮಕ್ಕ ಹೆಂಗಸರ ನಡುವೆ ನಿಂತು ಬಲೆಯ ಮೇಲೆ ಗೊಂಚಲು ಹರಡಿಸುತ್ತಿದ್ದಳು. ಏನೋ ಮಾತಿಗೆ ಎಲ್ಲರೂ ನಗುತ್ತಿದ್ದರು. ನನ್ನನ್ನು ನೋಡಿ ಉಳಿದವರು ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ನಾನು ಜೋಡಿಸಿಕೊಂಡದ್ದೆಲ್ಲ ಹೋಗಿ, "ಸೀಮಕ್ಕಾ, ನಾ ಬೇಕಂತ ಓದಿದ್ನಿ. ನಿನಗ ತಟ್ಟಲಿ ಅಂತ ಓದಿದ್ನಿ. ತಪ್ಪಾತು" ಅಂದೆ. ಅವಳು ತನ್ನ ಕೈಯಲ್ಲಿದ್ದ ಗೊಂಚಲನ್ನು ಹರಡಿ ಮುಗಿಸುವವರೆಗೆ ನನ್ನನ್ನು ಕಾಯಿಸಿದಳು.

"ಮಾಫ ಮಾಡೇನಿ ಅನ್ನಾಕ ಇವತ್ತ ನನಗ ಬಾಯಿ ಬರೂದಿಲ್ಲ, ಮನೀಷಾ. ಬಂದೀಯಲ್ಲ, ಉಂಡ ಹೋಗ."

ಮನೀಷಾ ಎಂದು ನನ್ನನ್ನು ಯಾರಾದರೂ ಕರೆದು ಎಷ್ಟು ದಿನವಾಗಿತ್ತು. ಶೆಡ್ಡಿನ ನೆರಳಿನಲ್ಲಿ ಕೂತು ರೊಟ್ಟಿ, ಜುಣಕ ಉಂಡೆವು. ಅತ್ತೆಯ ಮಂಡಿನೋವು ಕೇಳಿದಳು. ಈ ವರ್ಷ ಇಲ್ಲಿಯ ಮಾಲನ್ನು ಬಿಡಿಯಾಗಿ ತಾಸಗಾವಿನ ಪೇಟೆಗೆ ಕಳಿಸುತ್ತಾರಂತೆ. ಹೆಸರು, ಚಿತ್ರ ಏನೂ ಇಲ್ಲ. ನಿನ್ನ ಕಾಗದ ಅವಳಿಗೆ ಬರುತ್ತದೆ ಎಂದೂ ತಿಳಿಯಿತು. ಕೇಳಿ ನನ್ನ ಹೊಟ್ಟೆ ಎಂದಿನಂತೆ ಉರಿಯಿತು.

ಅವಳು ಬಸ್ಸಿನವರೆಗೆ ಬಂದಳು. ಸುಮ್ಮನೆ ಹತ್ತಿ ಬರಬಹುದಿತ್ತು. ಆದರೆ ಆ ಉರಿಯನ್ನು ಅವಳಿಗೆ ಹೇಳದೆ ಹೋದರೆ ಮತ್ತೆ ಎಲ್ಲಿಯಾದರೂ, ಯಾರ ಮಾತಿನಲ್ಲಾದರೂ ಅದು ಹೊರಗೆ ಬರುತ್ತದೆ ಎಂದು ಹೆದರಿಕೆಯಾಯಿತು.

"ಸೀಮಕ್ಕಾ, ನಿನ್ನ ಕಂಡ್ರ ನನಗ ಇನ್ನೂ ಹೊಟ್ಟಿಕಿಚ್ಚ ಆಗತೈತಿ," ಅಂದೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು.

"ನನಗೂ ನಿನ್ನ ಮ್ಯಾಲ ಆಗತಿತ್ತು," ಅಂದಳು. "ದಿನಾ ಸಂಜೀಕ ನಿನ್ನ ಗಂಡ ಮನೀಗೆ ಬರತಿದ್ದ."

ಬಸ್ ಬಂತು. ಅವಳೇ ಕಂಡಕ್ಟರನಿಗೆ ಹೇಳಿ ನನಗೆ ಕಿಟಕಿಯ ಪಕ್ಕ ಜಾಗ ಕೊಡಿಸಿದಳು.

ಮನೀಷಾ